ಸರ್ವಜ್ಞ ಪ್ರಜೆಯೂ ಬಾಟಲಿಯ ಹುಳುವೂ

‘ಇಬ್ಬರು ನ್ಯಾಯಮೂರ್ತಿಗಳಿಂದ ಭಿನ್ನ ತೀರ್ಪು, ಪ್ರಕರಣ ವಿಸ್ತೃತ ಪೀಠಕ್ಕೆ’ ಎಂಬ ಶೀರ್ಷಿಕೆಯನ್ನು ಮತ್ತೊಮ್ಮೆ ಓದಿದೆ. ವಿವರ ನಿಮಗೆ ಗೊತ್ತಿರುವುದೇ. ವೇಷಧಾರಿಗಳು ಬದಲಾಗುತ್ತಾರೆ, ಪ್ರಸಂಗ ಅದೇ. ಕಾನೂನು ಹೀಗಿದೆ ಎಂದು ಒಬ್ಬರು ಪುಟಗಟ್ಟಲೆ ಬರೆದರು, ಹಾಗೆ ಇಲ್ಲವೇ ಇಲ್ಲ ಎಂದು ಪಕ್ಕದ ಕುರ್ಚಿಯವರು ಅಷ್ಟೇ ಪುಟ ಬರೆದರು. ಪರಿಚಯದ ವಕೀಲರೊಬ್ಬರನ್ನು ‘ಹಾಗಾದರೆ ಈ ಹೊತ್ತಿಗೆ ಕಾನೂನು ಏನು ಸಾರ್?’ ಎಂದು ಕೇಳಿದೆ. ‘ಅದು ವಿಸ್ತೃತ ಪೀಠ ಹೇಳಿದ ಮೇಲೆ ತಿಳಿಯುತ್ತದೆ’ ಎಂದರು. ‘ಅಲ್ಲಿಯವರೆಗೆ?’ ಎಂದೆ. ‘ಅಲ್ಲಿಯವರೆಗೆ ಕಾನೂನು ಪ್ರಕಾರ ನಡೆದುಕೊಳ್ಳಿ’ ಎಂದು ಫೋನಿಟ್ಟರು.

ಅವರು ತಮಾಷೆ ಮಾಡಲಿಲ್ಲ. ಕಾನೂನು ಗೊತ್ತಿರಲಿಲ್ಲ ಎನ್ನುವುದು ನೆಪವಾಗದು ಎಂಬುದು ಈ ಪದ್ಧತಿಯ ಮೊದಲ ಪಾಠ. ಪ್ರಜೆಯ ಬುದ್ಧಿಶಕ್ತಿಯ ಮೇಲೆ ಯಾವ ರಾಜನೂ ಯಾವ ಕವಿಯೂ ಇಡದಷ್ಟು ವಿಶ್ವಾಸವನ್ನು ನ್ಯಾಯಾಲಯ ಇಟ್ಟಿದೆ. ಹಾಲು ಕರೆಯುವವನಿಗೂ ಗಾಡಿ ಎಳೆಯುವವನಿಗೂ ಎಲ್ಲ ಕಾಯಿದೆ, ಎಲ್ಲ ತಿದ್ದುಪಡಿ ಕಂಠಪಾಠ ಎಂದು ಅದು ಭಾವಿಸುತ್ತದೆ. ಗೊತ್ತಿಲ್ಲದಿರುವ ಸೌಲಭ್ಯ ಇರುವುದು ನ್ಯಾಯಾಧೀಶರಿಗೆ ಮಾತ್ರ. ಮೇಲ್ಮನವಿ ಎಂಬ ಏರ್ಪಾಟು ಇರುವುದೇ ಅದಕ್ಕಾಗಿ. ಪ್ರಜೆ ತಪ್ಪು ತಿಳಿದರೆ ಅಪರಾಧ, ಕೆಳಗಿನ ಕೋರ್ಟು ತಪ್ಪು ತಿಳಿದರೆ ಅಭಿಪ್ರಾಯಭೇದ.

ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಬಸವನಹುಳುವನ್ನೇ ನೋಡಿ. ಕಾನೂನು ಓದಿದವರೆಲ್ಲ ಅದಕ್ಕೆ ಮನಸ್ಸಿನಲ್ಲೇ ಒಂದು ಗುಡಿ ಕಟ್ಟಿದ್ದಾರೆ. 1928ರ ಆಗಸ್ಟಿನ ಒಂದು ಸಂಜೆ ಮಹಿಳೆಯೊಬ್ಬರು ಕೆಫೆಯಲ್ಲಿ ಕುಳಿತು, ಗೆಳತಿ ದುಡ್ಡು ಕೊಟ್ಟು ತರಿಸಿದ್ದ ಐಸ್‌ಕ್ರೀಮಿನ ಮೇಲೆ ಜಿಂಜರ್ ಬಿಯರ್ ಎಂಬ ಶುಂಠಿ ಪಾನೀಯ ಸುರಿಸಿಕೊಂಡು ತಿಂದರು. ಬಾಟಲಿ ಕಂದುಗಾಜಿನದು, ಒಳಗೇನಿದೆ ಎಂದು ಕಾಣುವಂತಿರಲಿಲ್ಲ. ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳುವಿನ ಅವಶೇಷ ತೇಲಿಬಂತು ಎಂಬುದು ಅವರ ದೂರು. ದುಡ್ಡು ಕೊಟ್ಟವರು ಗೆಳತಿಯಾದ್ದರಿಂದ ಕುಡಿದವರಿಗೆ ಯಾರೊಡನೆಯೂ ಕರಾರಿಲ್ಲ. ಹೀಗಿರುವಾಗ ತಯಾರಕರು ಅವರಿಗೆ ಹೊಣೆಯೇ ಎಂಬುದು ಪ್ರಶ್ನೆ. ಮೊದಲ ನ್ಯಾಯಾಧೀಶರು ದಾವೆ ನಡೆಯಲಿ ಎಂದರು. ಮೇಲಿನ ಪೀಠದ ನಾಲ್ವರಲ್ಲಿ ಮೂವರು ಬೇಡ ಎಂದರು. 1932ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರಲ್ಲಿ ಮೂವರು ನಡೆಯಲಿ ಎಂದರು. ಒಟ್ಟು ತಲೆ ಎಣಿಸಿ ನೋಡಿ: ಆ ಕಡೆ ಐದು, ಈ ಕಡೆ ಐದು. ನಾಣ್ಯ ಚಿಮ್ಮಿಸಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ನಾನು ಹೆಚ್ಚು ಮೆಚ್ಚುವುದು ಇದರ ಮುಂದಿನ ಭಾಗವನ್ನು. ನ್ಯಾಯಾಧೀಶರು ಕಾನೂನನ್ನು ಮಾಡುವುದಿಲ್ಲ, ಮೊದಲೇ ಇದ್ದುದನ್ನು ಹುಡುಕಿ ಹೇಳುತ್ತಾರೆ ಎಂಬುದು ಹಳೆಯ ಸಿದ್ಧಾಂತ. ಅದರ ಪ್ರಕಾರ 1932ರಲ್ಲಿ ಸಿಕ್ಕ ಹೊಣೆ 1928ರಲ್ಲೂ ಇತ್ತು. ಹತ್ತು ನ್ಯಾಯಾಧೀಶರು ಸರಿಯಾಗಿ ಅರ್ಧಕ್ಕರ್ಧ ಒಡೆದುಹೋದ ಪ್ರಶ್ನೆಯ ಉತ್ತರವನ್ನು, ಅದು ಹೊರಬೀಳುವುದಕ್ಕೆ ನಾಲ್ಕು ವರ್ಷ ಮೊದಲೇ, ಬಾಟಲಿ ತುಂಬಿಸುತ್ತಿದ್ದ ತಯಾರಕರು ತಿಳಿದಿರಬೇಕಿತ್ತು. ಇನ್ನು ಆ ಹುಳು ಬಾಟಲಿಯಲ್ಲಿ ನಿಜವಾಗಿ ಇತ್ತೇ ಎಂಬುದು ಯಾವ ಕೋರ್ಟಿನಲ್ಲೂ ಸಾಬೀತಾಗಲಿಲ್ಲ. ಸಾಕ್ಷ್ಯದ ಹಂತ ಬರುವ ಮೊದಲೇ ತಯಾರಕರು ತೀರಿಕೊಂಡರು, ವ್ಯಾಜ್ಯ ರಾಜಿಯಾಯಿತು. ಇದ್ದೀತೋ ಇಲ್ಲವೋ ಎಂಬ ಹುಳುವಿನ ಬೆನ್ನ ಮೇಲೆ ನಿರ್ಲಕ್ಷ್ಯದಿಂದಾದ ಹಾನಿಗೆ ಯಾರು ಹೊಣೆ ಎಂದು ಹೇಳುವ ಅರ್ಧ ಜಗತ್ತಿನ ಕಾನೂನು ಕುಳಿತಿದೆ.

ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ನಮ್ಮ ಗಾದೆಗೆ ಕೋರ್ಟಿನ ಭಾಷೆಯಲ್ಲಿ ಪೂರ್ವನಿದರ್ಶನ ಎಂದು ಹೆಸರು. ದೊಡ್ಡ ಕೋರ್ಟು ಒಮ್ಮೆ ಹೇಳಿದ್ದನ್ನು ಸಣ್ಣ ಕೋರ್ಟುಗಳು ಪಾಲಿಸಬೇಕು. ಆದರೆ ತೀರ್ಪಿನಲ್ಲಿ ಪಾಲಿಸಬೇಕಾದದ್ದು ನಿರ್ಣಯಕ್ಕೆ ಆಧಾರವಾದ ಕಾರಣ ಮಾತ್ರ. ಉಳಿದದ್ದು ದಾರಿಯಲ್ಲಿ ಆಡಿದ ಮಾತು. ಯಾವ ವಾಕ್ಯ ಕಾರಣ, ಯಾವುದು ದಾರಿಯ ಮಾತು ಎಂದು ನ್ಯಾಯಾಧೀಶರು ಗೆರೆ ಎಳೆದು ತೋರಿಸುವುದಿಲ್ಲ. ಅದನ್ನು ಮುಂದಿನ ವಕೀಲರು ಜಗಳವಾಡಿ ಕಂಡುಕೊಳ್ಳಬೇಕು, ಸಂಭಾವನೆ ಪ್ರತ್ಯೇಕ. ಆಸ್ಟ್ರೇಲಿಯಾದ ಅಡಿಲೇಡಿನ ವೈದ್ಯರೊಬ್ಬರು 1931ರಲ್ಲಿ ಉಣ್ಣೆಯ ಒಳಚಡ್ಡಿ ಕೊಂಡು, ಅದರಲ್ಲಿ ಉಳಿದಿದ್ದ ರಾಸಾಯನಿಕದಿಂದ ಚರ್ಮರೋಗ ಹತ್ತಿಸಿಕೊಂಡು ದಾವೆ ಹೂಡಿದಾಗ, ತಯಾರಕರ ಪರ ವಕೀಲರು, ಸಾಮ್ರಾಜ್ಯದ ದೂರದ ನಾಡುಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲಿನ ಮುಂದೆ ನಿಂತು, ಬಿಯರಿನ ಬಾಟಲಿಗೆ ಬಿರಡೆ ಇತ್ತು, ಚಡ್ಡಿಯನ್ನು ಬರಿಯ ಕಾಗದದಲ್ಲಿ ಸುತ್ತಿತ್ತು, ಆದ್ದರಿಂದ ಹುಳುವಿನ ತೀರ್ಪು ಚಡ್ಡಿಗೆ ಅನ್ವಯಿಸದು ಎಂದು ಗಂಭೀರವಾಗಿ ವಾದಿಸಿದರು. ಲಾರ್ಡುಗಳು ಅದನ್ನು ಅಷ್ಟೇ ಗಂಭೀರವಾಗಿ ಪರಿಶೀಲಿಸಿ, ಅನ್ವಯಿಸುತ್ತದೆ ಎಂದರು. ಈ ಮಹನೀಯರಲ್ಲಿ ಒಬ್ಬರೂ ನಗಲಿಲ್ಲವೇ ಎಂಬ ಕುತೂಹಲ ನನಗೆ ಇಂದಿಗೂ ಇದೆ.

ಕಾಯಿದೆಯ ಅಕ್ಷರಕ್ಕೆ ಅಂಟಿಕೊಂಡಾಗಲಂತೂ ಕೇಳುವುದೇ ಬೇಡ. 1868ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬಾತ, ಸತ್ತವನ ಹೆಸರಿನಲ್ಲಿ ಮತ ಹಾಕಿ ಸಿಕ್ಕಿಬಿದ್ದ. ಮತದ ಹಕ್ಕುಳ್ಳ ವ್ಯಕ್ತಿಯ ಸೋಗು ಹಾಕುವುದು ಅಪರಾಧ ಎಂದು ಕಾಯಿದೆ ಹೇಳಿತ್ತು. ಸತ್ತವನಿಗೆ ಮತದ ಹಕ್ಕು ಎಲ್ಲಿಂದ ಬರಬೇಕು? ಆಸಾಮಿ ಬಿಡುಗಡೆಯಾದ.

ಹೌಸ್ ಆಫ್ ಲಾರ್ಡ್ಸ್ 1898ರಲ್ಲಿ, ತಾನು ಒಮ್ಮೆ ಹೇಳಿದ್ದಕ್ಕೆ ತಾನೂ ಬದ್ಧ, ಮುಂದೆಂದೂ ಬದಲಿಸುವಂತಿಲ್ಲ ಎಂದು ತೀರ್ಮಾನಿಸಿತು. 1966ರಲ್ಲಿ ಒಂದು ಹೇಳಿಕೆ ಓದಿ, ಬೇಕೆನಿಸಿದಾಗ ಬದಲಿಸಬಹುದು ಎಂದಿತು. ಎಂದೂ ಬದಲಾಗದ ನಿಯಮದ ಆಯುಷ್ಯ 68 ವರ್ಷ.

ಗೊತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಂಡರೆ ಪ್ರತಿಯೊಬ್ಬ ಕಳ್ಳನೂ ಅದನ್ನೇ ಹೇಳುತ್ತಾನೆ ಎಂಬ ಸಮರ್ಥನೆ ನನಗೂ ಗೊತ್ತು, ಅದು ತಳ್ಳಿಹಾಕುವಂಥದ್ದಲ್ಲ. ಆದರೂ ಇಂಗ್ಲೆಂಡಿನ ರೆಜಿನಾಲ್ಡ್ ವೂಲ್ಮಿಂಗ್ಟನ್ ಎಂಬ ಹೊಲದ ಕೂಲಿಯವನ ಪ್ರಕರಣ ಓದಿದಾಗಲೆಲ್ಲ ನನ್ನ ನಗು ಒಣಗಿಹೋಗುತ್ತದೆ. ವಯಸ್ಸು 21. ಹೆಂಡತಿ ಗುಂಡು ತಗುಲಿ ಸತ್ತಿದ್ದಳು. ಬಂದೂಕು ಆಕಸ್ಮಿಕವಾಗಿ ಹಾರಿತು ಎಂದು ಅವನು ಹೇಳಿದ. ಮೊದಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡನೆಯ ವಿಚಾರಣೆಯಲ್ಲಿ ನ್ಯಾಯಾಧೀಶರು, ಕೊಂದದ್ದು ಸಾಬೀತಾದ ಮೇಲೆ ಅದು ಕೊಲೆಯಲ್ಲ ಎಂದು ತೋರಿಸಬೇಕಾದವನು ಆರೋಪಿಯೇ ಎಂದು ಜ್ಯೂರಿಗೆ ಬೋಧಿಸಿದರು. ಆಧಾರ 1762ರ ಒಂದು ಪುಸ್ತಕ. ಜ್ಯೂರಿ ಅವನನ್ನು ದೋಷಿ ಎಂದಿತು, ಗಲ್ಲು ವಿಧಿಸಲಾಯಿತು. ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಲಾರ್ಡುಗಳವರೆಗೆ ಹೋಗುವುದಕ್ಕೆ ಸರ್ಕಾರದ ಹಿರಿಯ ವಕೀಲರಾದ ಅಟಾರ್ನಿ ಜನರಲ್ ಅನುಮತಿ ಬೇಕಿತ್ತು. ಅವರು ಕೊಟ್ಟರು, ಕೊಡದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

1935ರಲ್ಲಿ ಲಾರ್ಡುಗಳು ಅವನನ್ನು ಬಿಟ್ಟರು. ಅಪರಾಧವನ್ನು ಸಾಬೀತುಪಡಿಸಬೇಕಾದದ್ದು ಪ್ರಾಸಿಕ್ಯೂಷನ್, ಈ ತತ್ವ ಇಂಗ್ಲಿಷ್ ಕಾನೂನಿನ ನೇಯ್ಗೆಯಲ್ಲಿ ಸದಾ ಕಾಣುವ ಬಂಗಾರದ ಎಳೆ ಎಂದರು. ಈ ‘ಸದಾ ಕಾಣುವ’ ಎಂಬುದೇ ನನಗೆ ಸಹಿಸಲಾಗುವುದಿಲ್ಲ. ಯಾರಿಗೆ ಕಂಡಿತ್ತು ಅದು? ವಿಚಾರಣೆ ನಡೆಸಿದವರಿಗೆ ಕಾಣಲಿಲ್ಲ. ಮೇಲ್ಮನವಿ ಕೇಳಿದವರಿಗೆ ಕಾಣಲಿಲ್ಲ. ತಪ್ಪು ಕಾನೂನು ಹೇಳಿ ಒಬ್ಬನನ್ನು ಗಲ್ಲಿನ ಮೆಟ್ಟಿಲವರೆಗೆ ಕಳಿಸಿದವರು ಮರುದಿನ ಎಂದಿನಂತೆ ಪೀಠದಲ್ಲಿ ಕುಳಿತು ಮತ್ತೊಬ್ಬರಿಗೆ ಕಾನೂನು ಹೇಳಿದರು. ಆ ವಾರಗಳಲ್ಲಿ ಅದನ್ನು ಸರಿಯಾಗಿ ಬಲ್ಲವನು ನೇಣಿಗೆ ಕಾಯುತ್ತ ಕೋಣೆಯಲ್ಲಿ ಕುಳಿತಿದ್ದ ಆ ಕೂಲಿಯವನೇ ಇರಬೇಕು. ಏಕೆಂದರೆ ಪ್ರಜೆಗೆ ಕಾನೂನು ಗೊತ್ತಿದೆ ಎಂದು ಕಾನೂನೇ ಹೇಳುತ್ತದೆ.