ಸಹಿಸಿಕೊಳ್ಳೋದು, ಇಲ್ಲಾಂದ್ರೆ ತೆಗೆಸಿಬಿಡೋದು: ನಡುವೆ ಏನೂ ಇಲ್ವಾ?

ಮುಟ್ಟು ನಿಲ್ಲುವ ಕಾಲದ ಕಾಟಕ್ಕೆ ಬೆಂಗಳೂರಿನಲ್ಲಿ ಔಷಧಿಗೇನೂ ಬರ ಇಲ್ಲ. ಮ್ಯಾಂಚೆಸ್ಟರ್‌ನಲ್ಲಿ ನಾನು ಹಚ್ಚಿಕೊಳ್ಳುವ ಈಸ್ಟ್ರೋಜನ್ (ಈ ವಯಸ್ಸಲ್ಲಿ ಮೈಯಲ್ಲಿ ಕಡಿಮೆಯಾಗುವ ಹೆಣ್ಣು ಹಾರ್ಮೋನ್) ಜೆಲ್ ಅಲ್ಲೂ ಸಿಗುತ್ತದೆ. ಹೆಂಗಸರ ಡಾಕ್ಟರಂತೂ ಇಲ್ಲಿಗಿಂತ ಬೇಗ ಸಿಗುತ್ತಾರೆ. ಇಲ್ಲಿ ತಜ್ಞರನ್ನು ನೋಡಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹಾಗಿದ್ದೂ ಜಯನಗರದ ನನ್ನ ಅಕ್ಕನ ಕಿವಿಗೆ ಬಿದ್ದದ್ದು ಎರಡೇ ಮಾತು. "ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ, ಸಹಿಸ್ಕೊಳ್ಳಿ." ಇಲ್ಲಾಂದ್ರೆ, "ಗರ್ಭಕೋಶ ತೆಗೆಸಿಬಿಡಿ, ಆರಾಮಾಗಿರ್ತೀರಿ."

ಅಕ್ಕನಿಗೆ ನಡುರಾತ್ರಿ ಎದೆಯಿಂದ ಬಿಸಿ ಏರಿ ಕುತ್ತಿಗೆ, ಮುಖ ಎಲ್ಲ ಧಗಧಗ ಅನ್ನುತ್ತಿತ್ತು. ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಐದರಲ್ಲಿ. ಭಾವ ಕಂಬಳಿ ಎತ್ತಿಕೊಂಡು ಹಾಲ್‌ನ ದಿವಾನಕ್ಕೆ ಹೊರಟರು. ಎದೆ ಢವಢವ ಅನ್ನುತ್ತೆ ಅಂದಿದ್ದಕ್ಕೆ ಇಸಿಜಿ ಆಯಿತು, ಥೈರಾಯ್ಡ್ ಆಯಿತು, ಶುಗರ್ ಆಯಿತು. ಎಲ್ಲ ನಾರ್ಮಲ್. "ಮುಟ್ಟು ಸರಿಯಾಗಿ ಆಗ್ತಾ ಇದ್ಯಾ?" ಅಂತ ಮಾತ್ರ ಯಾರೂ ಕೇಳಲಿಲ್ಲ. ಪಕ್ಕದಲ್ಲಿ ಮಗ ಕೂತಿದ್ದ, ಅಕ್ಕನೂ ಬಾಯಿ ಬಿಡಲಿಲ್ಲ.

ಇಲ್ಲಿ ಆಫೀಸಿನ ಅಡುಗೆಕೋಣೆಯಲ್ಲಿ ಟೀ ಮಾಡಿಕೊಳ್ಳುತ್ತಲೇ ಹೆಂಗಸರು ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪ್ಯಾಚ್, ಜೆಲ್ ಅಂತ ಮಾತಾಡುತ್ತಾರೆ. ಇಂಗ್ಲೆಂಡ್‌ನಲ್ಲಿ 2023ರ ಏಪ್ರಿಲ್‌ನಿಂದ ಹಾರ್ಮೋನ್ ಔಷಧಿಗೆಂದೇ ಒಂದು ಪಾಸ್ ಇದೆ. ಸುಮಾರು 20 ಪೌಂಡ್ ಕಟ್ಟಿದರೆ ವರ್ಷವಿಡೀ ನಡೆಯುತ್ತದೆ. ಡಾಕ್ಟರು ನನಗೆ ಮೊದಲು ಕೇಳಿದ್ದು ಸ್ತನ ಕ್ಯಾನ್ಸರ್ ಬಗ್ಗೆ, ರಕ್ತ ಹೆಪ್ಪುಗಟ್ಟಿದ್ದುಂಟಾ ಅಂತ, ಗರ್ಭಕೋಶ ಇದೆಯಾ ಅಂತ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಅದರ ಒಳಪದರ ದಪ್ಪಗಾಗುತ್ತದೆ. ಹಾಗಾಗಿ ಜೊತೆಗೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಬೇಕು.

"ಹಾರ್ಮೋನಾ? ಅಯ್ಯೋ, ಕ್ಯಾನ್ಸರ್ ಬರುತ್ತಂತೆ!" ಅಂದಳು ಅಕ್ಕ. ಈ ಹೆದರಿಕೆಯ ಬೇರು ಅಮೆರಿಕದಲ್ಲಿ 2002ರಲ್ಲಿ ಅರ್ಧಕ್ಕೆ ನಿಲ್ಲಿಸಿದ, ಹಾರ್ಮೋನ್ ಬಗೆಗಿನ ದೊಡ್ಡ ಅಧ್ಯಯನದಲ್ಲಿದೆ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ತಗೊಳ್ಳುತ್ತಿದ್ದದ್ದು ನುಂಗುವ ಮಾತ್ರೆ, ಹಚ್ಚುವ ಜೆಲ್ ಅಲ್ಲ. 60ರೊಳಗೆ, ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭವೇ ಜಾಸ್ತಿ ಅನ್ನೋದು ಈಗ ಡಾಕ್ಟರುಗಳ ಲೆಕ್ಕ. ಎರಡೂ ಹಾರ್ಮೋನ್ ವರ್ಷಗಟ್ಟಲೆ ತಗೊಂಡರೆ ಸ್ತನ ಕ್ಯಾನ್ಸರ್ ಅಪಾಯ ಸ್ವಲ್ಪ ಏರುವುದು ನಿಜ. ಅದನ್ನು ಮುಚ್ಚಿಡಬಾರದು. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಹಾರ್ಮೋನ್ ಕೊಡುವುದಿಲ್ಲ. ಹಾಗಂತ ಬೇರೆ ದಾರಿಯೇ ಇಲ್ಲ ಅಂತಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಕಡಿಮೆ ಡೋಸ್‌ನಲ್ಲಿ ಬಿಸಿ ಏರುವುದನ್ನು ತಗ್ಗಿಸುತ್ತವೆ. ಬರೀ ಯೋನಿಯಲ್ಲಿ ಒಣಗುವಿಕೆ, ಉರಿ ಇದ್ದರೆ ಅಲ್ಲಿಗಷ್ಟೇ ಹಚ್ಚುವ ಕ್ರೀಮ್ ಸಾಕಾಗುತ್ತದೆ. ಅಕ್ಕನಿಗೆ ಇದೂ ಇತ್ತಂತೆ. ನನ್ನ ಹತ್ತಿರವೇ ಹೇಳೋಕೆ ಅಷ್ಟು ಸಂಕೋಚ!

ಇಂಗ್ಲೆಂಡ್‌ನವರದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಇಲ್ಲೀಗ ಮಂಡಿ ನೋವಿಗೂ ಜೆಲ್, ಗಂಡನ ಮೇಲಿನ ಸಿಟ್ಟಿಗೂ ಜೆಲ್ ಅನ್ನುವಂತಾಗಿದೆ. ಯೋಗದ ವಿಷಯದಲ್ಲಿ ನಮ್ಮ ಬೆಂಗಳೂರೇ ಮುಂದೆ. 120 ಹೆಂಗಸರನ್ನು ಎರಡು ಗುಂಪು ಮಾಡಿ 8 ವಾರ ಪರೀಕ್ಷಿಸಿದ ಅಧ್ಯಯನವೊಂದು ಅಲ್ಲೇ ನಡೆದು 2008ರಲ್ಲಿ ಪ್ರಕಟವಾಯಿತು. ಮಾಮೂಲಿ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರಿಗೆ ಬಿಸಿ, ರಾತ್ರಿ ಬೆವರು ಹೆಚ್ಚು ಇಳಿದಿತ್ತು. ರಾಗಿಯಲ್ಲೂ ಕ್ಯಾಲ್ಸಿಯಂ ಚೆನ್ನಾಗಿದೆ, ಮೂಳೆಗೆ ಒಳ್ಳೆಯದೇ. ಆದರೆ ಮುದ್ದೆ ಉಂಡರೆ ಮೈ ಬಿಸಿ ಇಳಿಯಲ್ಲ.

ನನಗೆ ನಿಜಕ್ಕೂ ಸಿಟ್ಟು ಬರೋದು "ತೆಗೆಸಿಬಿಡಿ" ಅನ್ನೋ ಮಾತಿಗೆ. ಗಡ್ಡೆಗೋ ವಿಪರೀತ ರಕ್ತಸ್ರಾವಕ್ಕೋ ಗರ್ಭಕೋಶ ತೆಗೆಯಬೇಕಾಗಿ ಬರಬಹುದು. ಬಿಸಿ ಏರುವುದಕ್ಕೆ ಅದು ಮದ್ದೇ ಅಲ್ಲ. ಜೊತೆಗೆ ಈ ಹಾರ್ಮೋನ್‌ಗಳನ್ನು ತಯಾರಿಸುವ ಎರಡೂ ಅಂಡಾಶಯ ತೆಗೆದರೆ, ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದದ್ದು ದಿನ ಬೆಳಗಾಗುವುದರೊಳಗೆ ಆಗಿಹೋಗುತ್ತದೆ. ನಲವತ್ತಕ್ಕೇ ಹೀಗಾದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕು. ಮೂಳೆಗೂ ಹೃದಯಕ್ಕೂ ಅದು ಬೇಕು. ಆಪರೇಷನ್ ಫಾರಂಗೆ ಸಹಿ ಹಾಕೋ ಮೊದಲೇ ಕೇಳಿ: ಅಂಡಾಶಯ ಉಳಿಸಬಹುದಾ? ಉಳಿಸದಿದ್ದರೆ ಆಮೇಲೆ ಏನು ಕೊಡ್ತೀರಿ? ಮಗನನ್ನು ಹೊರಗೆ ಕೂರಿಸಿಯೇ ಕೇಳಿ, ಪರವಾಗಿಲ್ಲ.