ಸ್ಪಷ್ಟನೆ: ಕ್ಯಾರಿಯೋಟೈಪ್ ನಾರ್ಮಲ್ ಎಂದರೆ ಜೀನ್ ದೋಷ ಇಲ್ಲವೆಂದಲ್ಲ

"ಮನೆತನದಲ್ಲಿ ಯಾರಿಗೂ ಹೃದಯದ ತೊಂದರೆಯಿಲ್ಲ, ಮಗುವಿನ ಕ್ಯಾರಿಯೋಟೈಪ್ ನಾರ್ಮಲ್ ಇದೆ, ಹಾಗಾಗಿ ಹುಟ್ಟು ಹೃದಯದೋಷಕ್ಕೆ ಜೀನ್ ಕಾರಣವಲ್ಲ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಕ್ಯಾರಿಯೋಟೈಪ್ ಎಂದರೆ ಕ್ರೋಮೋಸೋಮುಗಳ ಸಂಖ್ಯೆ, ಆಕಾರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ.

ಸುಮಾರು 5ರಿಂದ 10 ಮೆಗಾಬೇಸ್‌ಗಿಂತ (ಒಂದು ಮೆಗಾಬೇಸ್ ಎಂದರೆ ಡಿಎನ್ಎಯ 10 ಲಕ್ಷ ಅಕ್ಷರ) ಚಿಕ್ಕ ಕೊರತೆ, ಅಂದರೆ ಕ್ರೋಮೋಸೋಮಿನಿಂದ ಕಳೆದುಹೋದ ತುಂಡು, ಕ್ಯಾರಿಯೋಟೈಪ್‌ನಲ್ಲಿ ಕಾಣುವುದಿಲ್ಲ. 22ನೇ ಕ್ರೋಮೋಸೋಮಿನ 22ಕ್ಯೂ11.2 ಭಾಗದಲ್ಲಿ ಕಳೆದುಹೋಗಿ ಹೃದಯದೋಷಕ್ಕೆ ಕಾರಣವಾಗಬಲ್ಲ ತುಂಡು ಹೆಚ್ಚಿನವರಲ್ಲಿ 3 ಮೆಗಾಬೇಸ್ ಆಸುಪಾಸಿನದು. ಅದನ್ನು ಹಿಡಿಯಲು ಮೈಕ್ರೋಅರೇ (ಎಲ್ಲ ಕ್ರೋಮೋಸೋಮುಗಳಲ್ಲೂ ಸಣ್ಣ ತುಂಡುಗಳ ಕೊರತೆ ಹುಡುಕುವ ಪರೀಕ್ಷೆ) ಅಥವಾ ಫಿಶ್ (ನಿರ್ದಿಷ್ಟ ತುಂಡಿಗೆ ಹೊಳೆಯುವ ಗುರುತು ಅಂಟಿಸಿ ನೋಡುವ ಪರೀಕ್ಷೆ) ಬೇಕು. ಫ್ಯಾಲೋಟ್ ಟೆಟ್ರಾಲಜಿ, ಟ್ರಂಕಸ್ ಆರ್ಟೀರಿಯೋಸಸ್, ಮಹಾಧಮನಿಯ ಕಮಾನು ಮಧ್ಯೆ ಕಡಿದಿರುವುದು: ಈ ಹುಟ್ಟು ಹೃದಯದೋಷಗಳಲ್ಲಿ ಯಾವುದಿದ್ದರೂ ವೈದ್ಯರಲ್ಲಿ ಈ ಪರೀಕ್ಷೆಯ ಬಗ್ಗೆ ಕೇಳಿಯೇ ಕೇಳಿ, ಅದೂ ಶಸ್ತ್ರಚಿಕಿತ್ಸೆಗೆ ಮುಂಚೆ. 22ಕ್ಯೂ11.2 ಕೊರತೆಯಿರುವ ಮಕ್ಕಳಲ್ಲಿ ಕ್ಯಾಲ್ಸಿಯಂ ದಿಢೀರನೆ ಕುಸಿದು ಫಿಟ್ಸ್ ಬರಬಹುದು. ಥೈಮಸ್ (ರೋಗನಿರೋಧಕ ಕಣಗಳು ಪಕ್ವವಾಗುವ, ಎದೆಯಲ್ಲಿರುವ ಗ್ರಂಥಿ) ಸರಿಯಾಗಿ ಬೆಳೆದಿರದಿದ್ದರೆ ವಿಕಿರಣ ಹಾಯಿಸಿದ ರಕ್ತವನ್ನೇ ಕೊಡಬೇಕಾಗುತ್ತದೆ.

ಮನೆತನದ ಮಾತೂ ಅಷ್ಟೇ. ಸುಮಾರು 90% ಮಕ್ಕಳಲ್ಲಿ ಈ ಕೊರತೆ ಹೊಸದಾಗಿ ಉಂಟಾದದ್ದು, ಅಪ್ಪ ಅಮ್ಮನಿಂದ ಬಂದದ್ದಲ್ಲ. ಆದರೂ ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕು: ಲಕ್ಷಣ ತೀರಾ ಸೌಮ್ಯವಾಗಿರುವ ಒಬ್ಬರಲ್ಲಿ ಅದಿದ್ದರೆ, ಪ್ರತಿ ಗರ್ಭದಲ್ಲೂ ಅದು ಮಗುವಿಗೆ ಬರುವ 50% ಸಾಧ್ಯತೆ.

ಮೈಕ್ರೋಅರೇಯೂ ನೂನನ್ ಸಿಂಡ್ರೋಮಿನಂಥ ಒಂಟಿ ಜೀನ್ ದೋಷವನ್ನು ತೋರಿಸದು. ಅದಕ್ಕೆ ಜೀನಿನ ಅಕ್ಷರಗಳನ್ನು ಒಂದೊಂದಾಗಿ ಓದುವ ಜೀನ್ ಸೀಕ್ವೆನ್ಸಿಂಗ್ ಮಾಡಿಸಬೇಕು.