ಡ್ರಿಪ್ ಮುಗಿದ ಮೇಲೂ ಔಷಧ ಉಳಿದಿರುತ್ತದೆ

ಕೀಮೊಥೆರಪಿ ಔಷಧಗಳನ್ನು ಮುಟ್ಟುವ ಆಸ್ಪತ್ರೆ ಸಿಬ್ಬಂದಿಯ ಸುರಕ್ಷತೆಯ ಮಾತು ಬಂದಾಗಲೆಲ್ಲ ಚರ್ಚೆ ಔಷಧ ಬೆರೆಸುವ ಕೋಣೆಯಲ್ಲೇ ನಿಂತುಬಿಡುತ್ತದೆ. ಆ ಕೋಣೆ ಮುಖ್ಯವೇ. ಒಳಗೆ ಒತ್ತಡ ತುಂಬಿದ ವಯಲ್‌ನಿಂದ, ಅಂದರೆ ಔಷಧದ ಪುಟ್ಟ ಬಾಟಲಿಯಿಂದ, ಸೂಜಿಯನ್ನು ಹೊರಗೆಳೆಯುವ ಕ್ಷಣದಲ್ಲಿ ಔಷಧದ ಅತಿ ಸಣ್ಣ ಹನಿಗಳು ಸಿಡಿಯುತ್ತವೆ. ಗಾಳಿಯನ್ನು ಮುಖದ ಕಡೆಗೇ ಬೀಸುವ ಲ್ಯಾಮಿನಾರ್ ಫ್ಲೋ ಮೇಜು ಔಷಧವನ್ನು ಸೂಕ್ಷ್ಮಾಣುಗಳಿಂದ ಕಾಪಾಡುತ್ತದೆಯೇ ಹೊರತು ಅದರ ಮುಂದೆ ಕುಳಿತವರನ್ನಲ್ಲ. ಅದಕ್ಕೆಂದೇ ಗಾಳಿಯನ್ನು ಒಳಕ್ಕೆಳೆದುಕೊಳ್ಳುವ ಬಯಾಲಾಜಿಕಲ್ ಸೇಫ್ಟಿ ಕ್ಯಾಬಿನೆಟ್, ಎರಡು ಜೊತೆ ಗ್ಲೌಸ್, ಮುಂಭಾಗ ಪೂರ್ತಿ ಮುಚ್ಚಿದ ಗೌನ್ ಬೇಕು. ಇನ್ನು, ಸರ್ಜಿಕಲ್ ಮಾಸ್ಕ್ ಈ ಔಷಧಗಳ ಆವಿಯನ್ನು ತಡೆಯುವುದಿಲ್ಲ. ಚೆಲ್ಲಿದ್ದನ್ನು ಸ್ಪಿರಿಟ್‌ನಿಂದ ಒರೆಸಿದರೆ ಅದು ನಾಶವಾಗುವುದಿಲ್ಲ, ಹರಡುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಡ್ರಿಪ್ ಬಿಚ್ಚಿದ ನಂತರದ ಕೆಲಸ. ಆಪ್ತರೊಬ್ಬರ ಚಿಕಿತ್ಸೆಯ ದಿನಗಳಲ್ಲಿ ವಾರ್ಡಿನಲ್ಲಿ ಕುಳಿತು ನೋಡಿದ್ದೇನೆ: ನರ್ಸ್ ಗೌನ್ ತೊಟ್ಟು ಬಂದು ಚೀಲ ತೂಗುಹಾಕಿ ಹೋದರು, ಸಂಜೆ ಅದೇ ರೋಗಿಯ ಬೆಡ್‌ಪ್ಯಾನನ್ನು ಆಯಾ ಒಬ್ಬರು ಬರಿಗೈಯಲ್ಲಿ ಎತ್ತಿಕೊಂಡು ಹೋದರು, ತುಳುಕಿದ್ದನ್ನು ಸೆರಗಿನಿಂದ ಒರೆಸಿಕೊಂಡರು. ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಗುರುತಿಸಿರುವ ಸೈಕ್ಲೊಫಾಸ್ಫಮೈಡ್ ಎಂಬ ಕೀಮೊಥೆರಪಿ ಔಷಧದ ಒಂದು ಪಾಲು ಹೇಗಿತ್ತೋ ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆ. ಚಿಕಿತ್ಸೆಯ ನಂತರ ಕನಿಷ್ಠ 48 ಗಂಟೆ ರೋಗಿಯ ಮಲಮೂತ್ರ, ವಾಂತಿ, ಒದ್ದೆಯಾದ ಹಾಸುಬಟ್ಟೆಗಳನ್ನು ಗ್ಲೌಸ್, ಗೌನ್ ಇಲ್ಲದೆ ಮುಟ್ಟಬಾರದೆನ್ನುವುದು ಇದೇ ಕಾರಣಕ್ಕೆ.

ಇದು ಹೊಸ ಸಂಗತಿಯೇನಲ್ಲ. ಈ ಔಷಧಗಳನ್ನು ಕೊಡುತ್ತಿದ್ದ ನರ್ಸ್‌ಗಳ ಮೂತ್ರದಲ್ಲಿ ಜೀನುಗಳನ್ನು ಮಾರ್ಪಡಿಸಬಲ್ಲ ಅಂಶಗಳಿರುವುದನ್ನು ಫಿನ್ಲೆಂಡಿನ ಸಂಶೋಧಕರು 1979ರಲ್ಲೇ ವರದಿ ಮಾಡಿದ್ದರು. ರೋಗಿ ಈ ವಿಷವನ್ನು ಸಹಿಸುವುದು ಜೀವ ಉಳಿಯಬಹುದೆಂಬ ಭರವಸೆಯಿಂದ. ಬೆಡ್‌ಪ್ಯಾನ್ ತೊಳೆಯುವವರಿಗೆ ಅದರಿಂದ ಸಿಗುವುದು ಅಪಾಯ ಮಾತ್ರ. ಹೀಗಿರುವಾಗ ಎಚ್ಚರಿಕೆಯ ಹೊಣೆಯನ್ನು ಅವರ ಮೇಲೆಯೇ ಹೊರಿಸುವುದು ಅನ್ಯಾಯ. ಗ್ಲೌಸ್ ಕೇಳಿ ಪಡೆಯುವ ಪರಿಸ್ಥಿತಿ ಇರಬಾರದು, ಕೈಗೆಟುಕುವಲ್ಲೇ ಇರಬೇಕು. ಗರ್ಭಿಣಿಯರಿಗೆ, ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವವರಿಗೆ, ಹಾಲುಣಿಸುವ ತಾಯಂದಿರಿಗೆ ಸಂಬಳ ಕಡಿತವಿಲ್ಲದೆ ಬೇರೆ ಕೆಲಸ ಸಿಗಬೇಕು. ಕೊನೆಯ ಡೋಸ್ ಯಾವಾಗ ಮುಗಿಯಿತು, ಎಚ್ಚರಿಕೆ ಯಾವ ಗಂಟೆಯವರೆಗೆ ಎಂಬುದನ್ನು ಹಾಸಿಗೆಯ ಬಳಿ ದೊಡ್ಡ ಅಕ್ಷರಗಳಲ್ಲಿ, ಆ ಆಯಾ ಓದಬಲ್ಲ ಭಾಷೆಯಲ್ಲಿ ಬರೆದು ತೂಗುಹಾಕಬೇಕು. ಓದು ಬಾರದವರಿಗೆ ಪ್ರತಿ ಪಾಳಿಯ ಆರಂಭದಲ್ಲೂ ಬಾಯಿಬಿಟ್ಟು ಹೇಳಬೇಕು.